ಮಾಟುಂಗಾ ರೈಲು ನಿಲ್ದಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಗೆ ಹೊಸದಾಗಿ ಬಂದವರು, ಬರಲು ಹೊರಟವರು, "ನಮ್ಮಜ್ಜ ಮಾಟುಂಗಾದಲ್ಲೇ ಇದ್ದರಂತೆ" ಅನ್ನುವವರು, ಎಲ್ಲರೂ ಈ ಪುಟ್ಟ ಸ್ಟೇಷನ್ ಬಗ್ಗೆ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಒಂದೇ ಕಡೆ ಬರೆದಿಟ್ಟರೆ ಅನುಕೂಲ. ದಾದರ್, ಕುರ್ಲಾ, ಠಾಣೆಯಂಥ ದೊಡ್ಡ ಸ್ಟೇಷನ್‌ಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇದು ಫಾಸ್ಟ್ ಲೋಕಲ್ (ದೊಡ್ಡ ಸ್ಟೇಷನ್‌ಗಳಲ್ಲಷ್ಟೇ ನಿಲ್ಲುವ ಉಪನಗರ ರೈಲು) ನಿಲ್ಲದ ಸ್ಟೇಷನ್ ಬಗ್ಗೆ.

ಮಾಟುಂಗಾ ಎಲ್ಲಿದೆ?

ಸೆಂಟ್ರಲ್ ರೈಲ್ವೆಯ ಮುಖ್ಯ ಲೈನಿನಲ್ಲಿ, ದಾದರ್ ಮತ್ತು ಸಯನ್ ನಡುವೆ. ಸಿಎಸ್‌ಎಂಟಿಯಿಂದ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳೇ ಹೆಸರು ವಿಟಿ) ಸುಮಾರು 10 ಕಿಲೋಮೀಟರ್.

ಮಾಟುಂಗಾ, ಮಾಟುಂಗಾ ರೋಡ್, ಕಿಂಗ್ಸ್ ಸರ್ಕಲ್: ಮೂರೂ ಒಂದೇನಾ?

ಅಲ್ಲ. ಊರಿನಿಂದ ಬಂದವರು ಎಡವುವುದು ಇಲ್ಲೇ. ಮೂರೂ ಬೇರೆ ಬೇರೆ ಸ್ಟೇಷನ್, ಮೂರು ಬೇರೆ ಲೈನ್. ಮಾಟುಂಗಾ ಇರುವುದು ಸೆಂಟ್ರಲ್ ಲೈನಿನಲ್ಲಿ. ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನಲ್ಲಿ, ದಾದರ್ ಮತ್ತು ಮಾಹಿಮ್ ನಡುವೆ. ಕಿಂಗ್ಸ್ ಸರ್ಕಲ್ ಹಾರ್ಬರ್ ಲೈನಿನಲ್ಲಿ, ವಡಾಲಾ ರೋಡ್ ದಾಟಿ ಮಾಹಿಮ್ ಕಡೆ ಹೋಗುವ ದಾರಿಯಲ್ಲಿ.

ಜನ ಮಾತಾಡುವಾಗ "ಮಾಟುಂಗಾ ಸೆಂಟ್ರಲ್", "ಮಾಟುಂಗಾ ವೆಸ್ಟರ್ನ್" ಅಂತಲೂ ಹೇಳುತ್ತಾರೆ. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಬಹುದು. ಹಳಿಗಳ ಮೇಲೆ ಅಂಕುಡೊಂಕಾಗಿ ಸಾಗುವ ಪಾದಚಾರಿ ಸೇತುವೆ ಇದೆ. ಅದರ ಆಕಾರ ನೋಡಿಯೇ ಜನ ಅದನ್ನು ಝಡ್ ಬ್ರಿಡ್ಜ್ ಅಂತ ಕರೆಯುತ್ತಾರೆ. ಆದರೆ ಸೂಟ್‌ಕೇಸ್ ಎಳೆದುಕೊಂಡು ಆ ಸಾಹಸ ಬೇಡ. ತಪ್ಪು ಲೈನಿನಲ್ಲಿ ಇದ್ದೀರಿ ಅಂತ ಗೊತ್ತಾದರೆ ದಾದರ್‌ನಲ್ಲೇ ಬದಲಾಯಿಸಿ. ಸೆಂಟ್ರಲ್, ವೆಸ್ಟರ್ನ್ ಎರಡೂ ಅಲ್ಲಿ ಕೂಡುತ್ತವೆ.

2006ರ ಜುಲೈ 11ರ ಸರಣಿ ಸ್ಫೋಟದ ಸುದ್ದಿಯಲ್ಲಿ ಕೇಳಿದ ಹೆಸರು ಮಾಟುಂಗಾ ರೋಡ್. ಅವತ್ತು ಬಾಂಬ್ ಇಟ್ಟದ್ದು ವೆಸ್ಟರ್ನ್ ಲೈನಿನ ರೈಲುಗಳಲ್ಲಿ.

ಭಾರತದ ಮೊದಲ ಪ್ರಯಾಣಿಕ ರೈಲು ಮಾಟುಂಗಾದಲ್ಲಿ ನಿಂತಿತ್ತಂತೆ, ಹೌದಾ?

ರೈಲು ಈ ನೆಲದ ಮೇಲೆ ಹಾದು ಹೋದದ್ದು ನಿಜ. 1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿ ಬಂದರ್‌ನಿಂದ ಠಾಣೆಗೆ ಹೊರಟ ರೈಲಿನಲ್ಲಿ 14 ಡಬ್ಬಿ, ಸುಮಾರು 400 ಅತಿಥಿಗಳು. ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್. ನೀರು ತುಂಬಿಸಿಕೊಳ್ಳಲು ಅದು ನಿಂತದ್ದು ಪಕ್ಕದ ಸಯನ್‌ನಲ್ಲಿ. ಹಾಗಾಗಿ ಮೊದಲ ದಿನದ ಗೌರವವನ್ನು ಸಯನ್‌ಗೇ ಬಿಟ್ಟುಕೊಡೋಣ.

ಆ ಲೈನ್ ಹಾಕಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಹಳಬರ ಬಾಯಲ್ಲಿ ಅದು ಜಿಐಪಿ. 1951ರ ನವೆಂಬರ್ 5ರಂದು ಅದು ಸೆಂಟ್ರಲ್ ರೈಲ್ವೆಯಾಯಿತು. ಮಾಟುಂಗಾ ರೋಡ್ ಇರುವ ಲೈನ್ ಇನ್ನೊಂದು ಕಂಪನಿಯದು, ಬಾಂಬೆ ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ, ಅಂದರೆ ಬಿಬಿ ಆ್ಯಂಡ್ ಸಿಐ. ಅದೂ ಅದೇ ದಿನ ವೆಸ್ಟರ್ನ್ ರೈಲ್ವೆಯಲ್ಲಿ ಸೇರಿತು. ಇಷ್ಟು ಹತ್ತಿರ ಎರಡು ಮಾಟುಂಗಾ ಯಾಕೆ ಅನ್ನುವುದಕ್ಕೆ ಉತ್ತರ ಇದೇ: ಎರಡು ಕಂಪನಿ, ಎರಡು ಲೈನ್, ಎರಡು ಸ್ಟೇಷನ್.

ರೈಲು ಬಂದಾಗ ಇಲ್ಲಿ ಊರು ಅಂತ ಏನಾದರೂ ಇತ್ತಾ?

ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. 19ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರ ಫಿರಂಗಿ ದಳದ ಶಿಬಿರ ಇತ್ತು. ದಳ ಹೋದ ಮೇಲೆ ಹೊಲ, ತೆಂಗು, ಜೌಗು. 1890ರಲ್ಲಿ ಕುಷ್ಠರೋಗಿಗಳ ಆಶ್ರಮವನ್ನು ಇಲ್ಲಿ ಕಟ್ಟಿಸಿದರು. ಆಗಿನ ಮುನಿಸಿಪಲ್ ಕಮಿಷನರ್ ಆ್ಯಕ್‌ವರ್ತ್ ಹೆಸರಿನಲ್ಲಿ ಅದು ಈಗಲೂ ವಡಾಲಾದಲ್ಲಿದೆ. ಅಂಥ ಆಶ್ರಮಕ್ಕೆ ಜಾಗ ಹುಡುಕುವವರು ಊರಾಚೆಯನ್ನೇ ಹುಡುಕುತ್ತಾರೆ, ಅಲ್ವಾ? ಆ ಕಾಲದ ಬಾಂಬೆಗೆ ಮಾಟುಂಗಾ ಅಷ್ಟು ದೂರ.

ಚಿತ್ರ ಬದಲಾದದ್ದು ಪ್ಲೇಗ್‌ನಿಂದ. 1896ರಲ್ಲಿ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ (ಸಾಲು ಕೋಣೆಗಳ ಬಾಡಿಗೆ ಕಟ್ಟಡಗಳಲ್ಲಿ) ಜನ ಸಾಲುಸಾಲಾಗಿ ಸತ್ತರು. 1898ರಲ್ಲಿ ಸರ್ಕಾರ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಹಳೇ ಕೇರಿಗಳನ್ನು ಒಡೆದು ರಸ್ತೆ ಅಗಲ ಮಾಡುವುದು ಅದರ ಒಂದು ಕೆಲಸ, ಉತ್ತರದಲ್ಲಿ ಹೊಸ ಬಡಾವಣೆ ಹಾಕುವುದು ಇನ್ನೊಂದು. ದಾದರ್, ಮಾಟುಂಗಾ, ವಡಾಲಾ, ಸಯನ್ ಆ ಎರಡನೇ ಕೆಲಸದ ಫಲ. ದಾದರ್ ಪಾರ್ಸಿ ಕಾಲೋನಿ, ಹಿಂದೂ ಕಾಲೋನಿ, ಫೈವ್ ಗಾರ್ಡನ್ಸ್ ಎಲ್ಲ ಹುಟ್ಟಿದ್ದು ಹೀಗೆ. ಇವತ್ತು ಸ್ಟೇಷನ್‌ನಿಂದ ಪೂರ್ವಕ್ಕೆ ನಡೆದರೆ ಅಗಲ ರಸ್ತೆ, ಎರಡೂ ಬದಿ ಮರ, ದುಂಡನೆ ಬಾಲ್ಕನಿಯ ಮೂರ್ನಾಲ್ಕು ಮಹಡಿಯ ಹಳೇ ಕಟ್ಟಡಗಳು ಸಿಗುತ್ತವೆ. ನೆರಳಿನಲ್ಲೇ ನಡೆಯಬಹುದಾದ ರಸ್ತೆ ಮುಂಬೈಯಲ್ಲಿ ಎಷ್ಟಿವೆ ಹೇಳಿ.

ದಕ್ಷಿಣದವರು ಮಾಟುಂಗಾಕ್ಕೇ ಯಾಕೆ ಬಂದು ಸೇರಿದರು?

ಇದನ್ನು ಎಲ್ಲರೂ ಕೇಳುತ್ತಾರೆ. ಸಿಗುವ ಉತ್ತರ ಸಾಮಾನ್ಯವಾಗಿ "ಮೊದಲು ಒಬ್ಬರು ಬಂದರು, ಆಮೇಲೆ ಅವರ ನೆಂಟರು ಬಂದರು" ಅಂತ. ಅದು ಸರಿ. ಆದರೆ ಮೊದಲಿನವರು ಇಲ್ಲೇ ಯಾಕೆ ಇಳಿದರು ಅನ್ನುವುದಕ್ಕೆ ರೈಲು ಮತ್ತು ಮನೆ ಎರಡನ್ನೂ ಒಟ್ಟಿಗೆ ನೋಡಬೇಕು.

1920-30ರ ದಶಕದ ಬಾಂಬೆಗೆ ಇಂಗ್ಲಿಷ್ ಬಲ್ಲ ಗುಮಾಸ್ತರು, ಟೈಪಿಸ್ಟ್‌ಗಳು, ಶಾರ್ಟ್‌ಹ್ಯಾಂಡ್ ಬಲ್ಲವರು ಬೇಕಿತ್ತು. ಮದ್ರಾಸ್ ಪ್ರಾಂತ್ಯದಿಂದ, ಮೈಸೂರು ಸಂಸ್ಥಾನದಿಂದ ಅಂಥ ಹುಡುಗರು ಬಂದರು. ಅವರ ಆಫೀಸು ದಕ್ಷಿಣ ಮುಂಬೈಯ ಫೋರ್ಟ್‌ನಲ್ಲಿ: ಬ್ಯಾಂಕು, ಹಡಗು ಕಂಪನಿ, ವಿಮೆ, ರೈಲ್ವೆ ಕಚೇರಿ. ಫೋರ್ಟ್‌ನಲ್ಲಿ ಮನೆ ಹಿಡಿಯುವ ಸಂಬಳ ಯಾರಿಗೂ ಇರಲಿಲ್ಲ. ಗಿರಣಿ ಕೇರಿಯ ಚಾಳಿನಲ್ಲಿ ಒಂದು ಮಹಡಿಗೆಲ್ಲ ಸೇರಿ ಒಂದೇ ಕಕ್ಕಸು. ಅದು ಅವರಿಗೆ ಒಗ್ಗಲಿಲ್ಲ. ಮಡಿ ಮೈಲಿಗೆ ನೋಡುವ ಕುಟುಂಬಗಳಿಗಂತೂ ಸಾಧ್ಯವೇ ಇರಲಿಲ್ಲ. ಅದೇ ಹೊತ್ತಿಗೆ ಮಾಟುಂಗಾದಲ್ಲಿ ಹೊಸ ರೀತಿಯ ಮನೆ ಎದ್ದಿತ್ತು. ಅಡುಗೆಮನೆ, ಬಚ್ಚಲು, ಕಕ್ಕಸು ಎಲ್ಲ ಒಂದೇ ಬಾಗಿಲಿನೊಳಗೆ. ಇವತ್ತು ನಾವು ಫ್ಲ್ಯಾಟ್ ಅಂತ ಸಹಜವಾಗಿ ಕರೆಯುವುದು ಅವತ್ತಿಗೆ ಹೊಸತು.

ಆ ಮನೆ ಮತ್ತು ಆ ಆಫೀಸಿನ ನಡುವೆ ಇದ್ದ ಸೇತುವೆ ಲೋಕಲ್ ರೈಲು. ತಿಂಗಳ ಪಾಸ್ ಇದ್ದರೆ ಮಾಟುಂಗಾದಲ್ಲಿ ಹತ್ತಿ ವಿಟಿಯಲ್ಲಿ ಇಳಿಯಬಹುದು. ಹೀಗೆ ದೂರದ ಹೊಲ ನೌಕರದಾರರ ಬಡಾವಣೆಯಾಯಿತು.

ಹಾಗಾದರೆ ನಮ್ಮ ಕರಾವಳಿಯವರೂ ರೈಲಿನಲ್ಲೇ ಬಂದರಾ?

ಹೆಚ್ಚಿನವರು ಇಲ್ಲ. ಮಂಗಳೂರಿಗೆ 1907ರಲ್ಲೇ ರೈಲು ಬಂತು, ಆದರೆ ಅದು ಮದ್ರಾಸ್ ಕಡೆಯಿಂದ ಬಂದದ್ದು. ಅದರಲ್ಲಿ ಮುಂಬೈಗೆ ಬರಬೇಕೆಂದರೆ ದಕ್ಷಿಣ ಭಾರತವನ್ನೇ ಸುತ್ತಬೇಕು. ಅದಕ್ಕೇ ಕರಾವಳಿಯವರು ಹಡಗು ಹತ್ತಿದರು. ನೇರ ರೈಲಿಗೆ 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗುವವರೆಗೂ ಕಾಯಬೇಕಾಯಿತು. ಅಷ್ಟರಲ್ಲಿ ಮುಂಬೈಯ ಉಡುಪಿ ಹೋಟೆಲುಗಳಿಗೆ ಅರ್ಧ ಶತಮಾನಕ್ಕಿಂತ ಜಾಸ್ತಿ ವಯಸ್ಸಾಗಿತ್ತು.

ಸ್ಟೇಷನ್ ಎದುರಿನ ಆ ಬಾಳೆ ಎಲೆ ಊಟದ ಜಾಗ ಯಾವುದು?

ಎ. ರಾಮ ನಾಯಕ್ ಅವರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್. ಪೂರ್ವದ ಕಡೆ ಇಳಿದರೆ ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿದೆ.

ರಾಮ ನಾಯಕರು ಉಡುಪಿ ಕಡೆಯಿಂದ ಚಿಕ್ಕ ಹುಡುಗನಾಗಿದ್ದಾಗ ಬಂದವರು. ಪಾತ್ರೆ ತೊಳೆಯುವುದರಿಂದ ಶುರು ಮಾಡಿ 1936ರಲ್ಲಿ ಕಿಂಗ್ಸ್ ಸರ್ಕಲ್‌ನಲ್ಲಿ ಕೆಫೆ ಮೈಸೂರು ತೆಗೆದರು. 1942ರಲ್ಲಿ ಈ ಬೋರ್ಡಿಂಗ್. ಆ ವರ್ಷ ಸುಮ್ನೆ ನೋಡಬೇಡಿ. ಎರಡನೇ ಮಹಾಯುದ್ಧದ ಕಾಲ, ಅಕ್ಕಿಗೆ ತತ್ವಾರ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ, ಕೋಣೆಯಲ್ಲಿ ಐದಾರು ಜನ ಸೇರಿ ಬದುಕುವ ಗುಮಾಸ್ತನಿಗೆ ಎರಡು ಹೊತ್ತಿನ ಅನ್ನ ಸಾರು ದೊಡ್ಡ ಚಿಂತೆ. ಅಂಥವರು ಲೋಕಲ್ ಇಳಿದು ಮೆಟ್ಟಿಲು ಹತ್ತಿದರೆ ಎಲೆ ಹಾಕಿರುತ್ತಿತ್ತು. ಜಾಗದ ಆಯ್ಕೆಯಲ್ಲೇ ವ್ಯಾಪಾರದ ಬುದ್ಧಿ ಕಾಣುತ್ತದೆ.

ಈಗಲೂ ಪದ್ಧತಿ ಸರಳ. ಮೊದಲು ದುಡ್ಡು ಕೊಟ್ಟು ಚೀಟಿ ತೆಗೆದುಕೊಳ್ಳಬೇಕು. ಸರದಿ ಬಂದಾಗ ಕೂರಬೇಕು. ಲಿಮಿಟೆಡ್ ಊಟ ಉಂಟು, ಹೊಟ್ಟೆ ತುಂಬ ಬಡಿಸುವ ಊಟವೂ ಉಂಟು. ಎರಡನೆಯದಕ್ಕೆ ಹೋಗುವುದಾದರೆ ಬೆಳಗಿನ ತಿಂಡಿ ಬಿಟ್ಟು ಹೋಗಿ. ಸಾರು ಹಾಕಿ ಅನ್ನ ಕಲಸುವಷ್ಟರಲ್ಲಿ ಪಲ್ಯದವರು ಮತ್ತೆ ಬಂದು ನಿಂತಿರುತ್ತಾರೆ. ಮಾತಿಗೆ ಕೂತರೆ ಎಲೆ ಹಿಡಿಯುವುದಿಲ್ಲ, ಹಿಂದೆ ಕಾಯುವವರ ಕಣ್ಣೂ ಬೆನ್ನ ಮೇಲಿರುತ್ತದೆ.

ಬರೀ ತಿಂಡಿ ಸಾಕು ಅಂದರೆ?

ಸ್ಟೇಷನ್ ಎದುರಿಗೇ ರಾಮಾಶ್ರಯ, 1939ರದು. ಬೆಳಗ್ಗೆಯೇ ಹೋಗಿ. ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಕೆಫೆ ಮೈಸೂರು, ಕೆಫೆ ಮದ್ರಾಸ್. ಕೆಫೆ ಮದ್ರಾಸ್ 1940ರದು, ತೆಗೆದವರು ಕಾಮತರು. ಅಂದರೆ ಹೆಸರಿನಲ್ಲಿ ಮೈಸೂರು, ಮದ್ರಾಸ್ ಇದ್ದರೂ ಎರಡರ ಅಡುಗೆಮನೆಯೂ ನಮ್ಮ ಕರಾವಳಿಯ ಕಡೆಯದು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದ ಕಾರಣ ಯಾರಿಗೂ ಅದು ವಿಚಿತ್ರ ಅನಿಸಿರಲಿಕ್ಕಿಲ್ಲ. ಭಾನುವಾರ ಬೆಳಗ್ಗೆ ಕೆಫೆ ಮದ್ರಾಸ್ ಮುಂದೆ ಫುಟ್‌ಪಾತಿನಲ್ಲೇ ಹೆಸರು ಬರೆಸಿ ಕಾಯಬೇಕು. ಅಷ್ಟು ಕಾಯುವ ಅಗತ್ಯ ಇದೆಯಾ ಅಂದರೆ, ನನ್ನ ಪ್ರಕಾರ ವಾರದ ದಿನ ಹೋಗುವುದು ಮೇಲು.

ಮಾರ್ಕೆಟ್‌ನಲ್ಲಿ ಏನು ಸಿಗುತ್ತದೆ?

ಬೇರೆ ಕಡೆ ಹುಡುಕಿ ಸುಸ್ತಾಗುವಂಥದ್ದು. ಬಾಳೆ ಎಲೆ, ಬಾಳೆದಿಂಡು, ಬಾಳೆಹೂವು, ಸುವರ್ಣಗೆಡ್ಡೆ, ನುಗ್ಗೆ, ಕಟ್ಟು ಕಟ್ಟು ಕರಿಬೇವು. ಕಟ್ಟಿದ ಮಲ್ಲಿಗೆ ದಂಡೆ. ಕಾಫಿ ಪುಡಿಗೆ ಮೈಸೂರು ಕನ್ಸರ್ನ್ಸ್ ಇದೆ. ಹುರಿದ ಬೀಜದ ವಾಸನೆಯೇ ದಾರಿ ತೋರಿಸುತ್ತದೆ. ಚಿಕೋರಿ ಎಷ್ಟು ಬೇಕು ಅಂತ ಮೊದಲೇ ಹೇಳಿ. ವರಮಹಾಲಕ್ಷ್ಮಿ, ಯುಗಾದಿ ಹಿಂದಿನ ದಿನ ಹೋದರೆ ಕಾಲಿಡಲು ಜಾಗ ಇರುವುದಿಲ್ಲ.

ಕನ್ನಡ ಸಂಘ ಸಂಸ್ಥೆಗಳು ಹತ್ತಿರದಲ್ಲಿ ಇವೆಯಾ?

ಇವೆ. ಪೂರ್ವದ ಕಡೆ ಭಾವುದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್. 1926ರಲ್ಲಿ ಶುರುವಾದದ್ದು. ನಾಟಕ, ಸಂಗೀತ, ಉಪನ್ಯಾಸ ನಡೆಯುತ್ತವೆ. 'ನೇಸರು' ಪತ್ರಿಕೆ ಅವರದೇ. ಕರ್ನಾಟಕ ಸಂಘ ಇರುವುದು ವೆಸ್ಟರ್ನ್ ಲೈನಿನ ಆಚೆ, ಮಾಟುಂಗಾ ರೋಡ್ ಸ್ಟೇಷನ್ ಕಡೆ, ವಿಶ್ವೇಶ್ವರಯ್ಯ ಸ್ಮಾರಕ ಮಂದಿರದಲ್ಲಿ. ಕಾರ್ಯಕ್ರಮಕ್ಕೆ ಹೋಗುವ ಮೊದಲು ಯಾವುದರಲ್ಲಿ ಅಂತ ಕೇಳಿಕೊಳ್ಳಿ. ತಪ್ಪು ಸ್ಟೇಷನ್‌ನಲ್ಲಿ ಇಳಿದು, ಝಡ್ ಬ್ರಿಡ್ಜ್ ದಾಟಿ, ಸ್ವಾಗತ ಭಾಷಣ ಮುಗಿದ ಮೇಲೆ ಬರುವವರು ಪ್ರತಿ ಸಲ ಇದ್ದೇ ಇರುತ್ತಾರೆ. ಕೆಲವರು ಬೇಕಂತಲೇ ಹಾಗೆ ಬರುತ್ತಾರೆ ಅನ್ನುವುದು ಬೇರೆ ಮಾತು.

ಸ್ಟೇಷನ್ ಪಕ್ಕದ ದೊಡ್ಡ ಕಾರ್ಖಾನೆ ಯಾವುದು?

ಮಾಟುಂಗಾ ವರ್ಕ್‌ಶಾಪ್. 1915ರಲ್ಲಿ ಜಿಐಪಿ ಕಂಪನಿ ಡಬ್ಬಿಗಳ ದುರಸ್ತಿಗೆ ಕಟ್ಟಿದ್ದು. ಹಳಿಯ ಪಶ್ಚಿಮಕ್ಕಿದೆ. ಎಕ್ಸ್‌ಪ್ರೆಸ್ ರೈಲಿನ ಕೋಚುಗಳು, ಲೋಕಲ್ ರೇಕುಗಳು ಇಂತಿಷ್ಟು ಕಾಲಕ್ಕೊಮ್ಮೆ ಇಲ್ಲಿಗೆ ಬರಲೇಬೇಕು. ಡಬ್ಬಿಯನ್ನು ಕ್ರೇನಿನಿಂದ ಎತ್ತಿ ಗಾಲಿಯಿಂದ ಬೇರೆ ಮಾಡುತ್ತಾರೆ. ಗಾಲಿ, ಬ್ರೇಕು, ಸ್ಪ್ರಿಂಗು ಎಲ್ಲ ಬಿಚ್ಚಿ ನೋಡಿ, ಸವೆದದ್ದನ್ನು ಬದಲಿಸಿ ಮತ್ತೆ ಕೂರಿಸುತ್ತಾರೆ. ರೈಲ್ವೆಯವರ ಬಾಯಲ್ಲಿ ಇದು ಪಿಒಎಚ್ (ಪೀರಿಯಾಡಿಕ್ ಓವರ್‌ಹಾಲ್). ನೀವು ಕಲಬುರಗಿಗೋ ಹುಬ್ಬಳ್ಳಿಗೋ ಹೋದ ಡಬ್ಬಿ ಒಮ್ಮೆ ಈ ಕಾಂಪೌಂಡಿನೊಳಗೆ ಗಾಲಿ ಕಳಚಿ ನಿಂತಿದ್ದರೂ ಇದ್ದೀತು.

2018ರ ಮಾರ್ಚ್ 20ರ ಬೆಳಗ್ಗೆ ಮಾಟುಂಗಾ–ದಾದರ್ ನಡುವೆ ರೈಲ್ವೆ ಅಪ್ರೆಂಟಿಸ್ ಹುಡುಗರು ಕೆಲಸ ಕಾಯಂ ಮಾಡಿ ಅಂತ ಹಳಿ ಮೇಲೆ ಕೂತರು. ಆಫೀಸಿನ ಹೊತ್ತು. ಮೂರು ಗಂಟೆಗಿಂತ ಜಾಸ್ತಿ ಸೆಂಟ್ರಲ್ ಲೈನ್ ನಿಂತುಹೋಯಿತು. ಮಾಟುಂಗಾ ಹೆಸರು ದೇಶದ ಎಲ್ಲ ಟಿವಿಯಲ್ಲೂ ಬಂದ ದಿನ ಅದು.

ಇಲ್ಲಿ ಕರೆಂಟ್ ರೈಲು ಯಾವಾಗ ಬಂತು?

ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವಿಟಿಯಿಂದ ಕುರ್ಲಾಕ್ಕೆ ಓಡಿತು, ಅದು ಹಾರ್ಬರ್ ದಾರಿಯಲ್ಲಿ. ಮುಖ್ಯ ಲೈನಿಗೆ ತಂತಿ ಎಳೆದದ್ದು ಅದರ ಬೆನ್ನಿಗೇ.

ಚಿಕ್ಕ ಸ್ಟೇಷನ್‌ಗೆ ಇದು ಎಷ್ಟು ಮುಖ್ಯ ಅನ್ನುವುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಉಗಿ ಎಂಜಿನ್ ನಿಂತು ಹೊರಡುವುದೇ ನಿಧಾನ. ಎರಡು ಕಿಲೋಮೀಟರಿಗೊಮ್ಮೆ ನಿಲ್ಲಿಸಿದರೆ ಅದು ವೇಗ ಹಿಡಿಯುವಷ್ಟರಲ್ಲಿ ಮುಂದಿನ ಸ್ಟೇಷನ್ ಬಂದಿರುತ್ತದೆ. ವಿದ್ಯುತ್ ಲೋಕಲ್‌ನಲ್ಲಿ ಮೋಟರ್ ಡಬ್ಬಿಗಳ ಕೆಳಗೇ ಹಂಚಿಕೊಂಡಿರುತ್ತವೆ. ಗಾರ್ಡ್ ಗಂಟೆ ಹೊಡೆದ ಕೂಡಲೇ ಎಳೆದುಕೊಂಡು ಹೋಗುತ್ತದೆ. ಕೊನೆಯಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟುವ ಕೆಲಸವೂ ಇಲ್ಲ. ದಾದರ್, ಮಾಟುಂಗಾ, ಸಯನ್ ಅಂತ ಒತ್ತೊತ್ತಾಗಿ ನಿಲ್ಲುವ ಸ್ಲೋ ಲೋಕಲ್ ನಿಮಿಷಗಳ ಅಂತರದಲ್ಲಿ ಓಡಲು ಆದದ್ದು ಇದರಿಂದ. ಬಡಾವಣೆ ತುಂಬಿದ್ದೂ ಅದೇ ದಶಕಗಳಲ್ಲಿ.

ಹಳೇ 1,500 ವೋಲ್ಟ್ ಡಿಸಿ ಹೋಗಿ ಸೆಂಟ್ರಲ್ ಲೈನಿಗೆಲ್ಲ 25,000 ವೋಲ್ಟ್ ಎಸಿ ಬಂದದ್ದು 2015ರ ಜೂನ್‌ನಲ್ಲಿ.

ಇಡೀ ಸ್ಟೇಷನ್ ಮಹಿಳೆಯರೇ ನಡೆಸುತ್ತಾರೆ ಅನ್ನುವುದು ನಿಜಾನಾ?

ಹೌದು, ಮಾಟುಂಗಾ ಈಗ ಹೆಸರುವಾಸಿಯಾಗಿರುವುದೇ ಅದಕ್ಕೆ. 2017ರ ಜುಲೈನಲ್ಲಿ ಸೆಂಟ್ರಲ್ ರೈಲ್ವೆ ಇಲ್ಲಿಗೆ 41 ಜನ ಮಹಿಳೆಯರನ್ನು ಹಾಕಿತು. ಸ್ಟೇಷನ್ ಮ್ಯಾನೇಜರ್ ಒಬ್ಬರು. ಅವರ ಕೆಳಗೆ ಕಾರ್ಯಾಚರಣೆ ಮತ್ತು ಟಿಕೆಟ್ ವಿಭಾಗಕ್ಕೆ 17, ಟಿಕೆಟ್ ತಪಾಸಣೆಗೆ 8, ರೈಲ್ವೆ ರಕ್ಷಣಾ ಪಡೆಯಿಂದ (ಆರ್‌ಪಿಎಫ್) 6, ಹಳಿ ಬದಲಿಸುವ ಪಾಯಿಂಟ್ಸ್ ಕೆಲಸಕ್ಕೆ 5, ಅನೌನ್ಸ್‌ಮೆಂಟಿಗೆ 2, ಸ್ವಚ್ಛತೆಗೆ 2. ಎಲ್ಲ ಕೆಲಸಕ್ಕೂ ಮಹಿಳೆಯರೇ ಇರುವ ದೇಶದ ಮೊದಲ ಉಪನಗರ ಸ್ಟೇಷನ್ ಅಂತ 2018ರ ಲಿಮ್ಕಾ ದಾಖಲೆ ಪುಸ್ತಕದಲ್ಲಿ ಸೇರಿತು. ಮುಂದಿನ ತಿಂಗಳುಗಳಲ್ಲೇ ಜೈಪುರದ ಗಾಂಧಿನಗರ ಸ್ಟೇಷನ್ ಇದೇ ದಾರಿ ಹಿಡಿಯಿತು.

ಮಾರ್ಚ್ 8 ಬಂತೆಂದರೆ ಪತ್ರಿಕೆಯವರು ಬಂದು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಫೋಟೋದಲ್ಲಿ ಕಾಣದ್ದು ಕೆಲಸ. ಲೋಕಲ್ ಸ್ಟೇಷನ್ ಬೆಳಗಿನ ಜಾವ ಶುರುವಾದರೆ ಮಧ್ಯರಾತ್ರಿ ದಾಟುವವರೆಗೆ ನಡೆಯುತ್ತದೆ. ಪಾಳಿ ಪ್ರಕಾರ ಬರಬೇಕು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನ ಜಗಳ ಕೇಳಬೇಕು. ಮುಂಬೈ ಹಳಿಗಳ ಮೇಲೆ ಅಪಘಾತ ದಿನನಿತ್ಯದ ಮಾತು. ಯಾರಾದರೂ ಬಿದ್ದರೆ ಸ್ಟ್ರೆಚರ್ ತರಿಸಿ, ಆಸ್ಪತ್ರೆಗೆ ಕಳಿಸಿ, ಕಾಗದಪತ್ರ ಬರೆಯುವ ಹೊಣೆ ಕರ್ತವ್ಯದಲ್ಲಿರುವ ಸ್ಟೇಷನ್ ಮಾಸ್ತರರದು. ಅದನ್ನೂ ಮಾಡಬೇಕಾದವರು ಇವರೇ. ಹೂಗುಚ್ಛದ ಸುದ್ದಿಗಿಂತ ಇದನ್ನು ಬರೆದರೆ ಅವರಿಗೆ ಸಲ್ಲುವ ಮರ್ಯಾದೆ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ಚಿಕ್ಕ ಸ್ಟೇಷನ್ ಆರಿಸಿದ್ದನ್ನು ಕೆಲವರು ಆಡಿಕೊಂಡದ್ದೂ ಉಂಟು, "ದಾದರ್ ಕೊಡಲಿ ನೋಡೋಣ" ಅಂತ. ಮೊದಲ ಹೆಜ್ಜೆಯನ್ನು ಅಳತೆಗೆ ಸಿಗುವ ಜಾಗದಲ್ಲಿ ಇಟ್ಟರೆ ತಪ್ಪೇನು?

ಫಾಸ್ಟ್ ಲೋಕಲ್ ಇಲ್ಲಿ ಯಾಕೆ ನಿಲ್ಲುವುದಿಲ್ಲ?

ದಾದರ್ ನಡೆದೇ ಹೋಗುವಷ್ಟು ಹತ್ತಿರ, ಅದಕ್ಕೆ. ಕಲ್ಯಾಣದಿಂದ ಬರುವ ಫಾಸ್ಟ್ ದಾದರ್‌ನಲ್ಲಿ ನಿಲ್ಲಲೇಬೇಕು. ಮತ್ತೆ ಮಾಟುಂಗಾದಲ್ಲೂ ನಿಂತರೆ ಅದು ಫಾಸ್ಟ್ ಹೇಗಾದೀತು?

ಇಂಡಿಕೇಟರ್ ನೋಡುವುದು ಕಲಿತರೆ ಸಾಕು. ಮೊದಲ ಅಕ್ಷರ ಕೊನೆಯ ಸ್ಟೇಷನ್‌ದು. ಠಾಣೆಗೆ ಟಿ, ಕಲ್ಯಾಣಕ್ಕೆ ಕೆ, ಅಂಬರನಾಥಕ್ಕೆ ಎ. ಕರ್ಜತ್‌ಗೆ ಎಸ್, ಕಸಾರಾಕ್ಕೆ ಎನ್. ಈ ಕೊನೆಯ ಎರಡಕ್ಕೆ ತರ್ಕ ಹುಡುಕಬೇಡಿ, ಬಾಯಿಪಾಠ ಮಾಡಿಕೊಳ್ಳಿ. ಅದರ ಪಕ್ಕದಲ್ಲಿ ಸ್ಲೋಗೆ ಎಸ್, ಫಾಸ್ಟ್‌ಗೆ ಎಫ್. ಎಫ್ ಕಂಡರೆ ಬಿಟ್ಟುಬಿಡಿ. ಹತ್ತಿಬಿಟ್ಟರೆ ನಿಮ್ಮ ಮಾಟುಂಗಾ ಕಿಟಕಿಯಲ್ಲಿ ಸರ್ರನೆ ಹೋಗುವುದನ್ನು ನೋಡಿ ಕುರ್ಲಾದಿಂದ ವಾಪಸ್ ಬರಬೇಕು.

ಭಾನುವಾರ "ಮಾಟುಂಗಾ–ಮುಲುಂಡ್ ಮೆಗಾ ಬ್ಲಾಕ್" ಅಂತ ಸುದ್ದಿ ಬರುತ್ತದಲ್ಲ, ಸ್ಟೇಷನ್ ಮುಚ್ಚಿರುತ್ತಾ?

ಇಲ್ಲ. ಹಳಿ, ತಂತಿ, ಸಿಗ್ನಲ್ ದುರಸ್ತಿಗೆ ವಾರದಲ್ಲಿ ಬೇರೆ ದಿನ ಬಿಡುವೇ ಸಿಗದ ಕಾರಣ ಭಾನುವಾರ ಬೆಳಗ್ಗೆ ಸುಮಾರು 11ರಿಂದ ಮಧ್ಯಾಹ್ನ 4ರವರೆಗೆ ಒಂದು ಜೊತೆ ಹಳಿ ಮುಚ್ಚುತ್ತಾರೆ. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಜಾಗ ಮಾಟುಂಗಾದಲ್ಲಿದೆ. ಅದಕ್ಕೇ ಬ್ಲಾಕ್ ಇಲ್ಲಿಂದ ಶುರು. ಸ್ಲೋ ಹಳಿ ಮುಚ್ಚಿದರೆ ಸ್ಲೋ ಲೋಕಲ್‌ಗಳು ಮಾಟುಂಗಾ ದಾಟಿ ಫಾಸ್ಟ್ ಹಳಿಗೆ ಹೋಗುತ್ತವೆ. ಆಗ ವಿದ್ಯಾವಿಹಾರ್, ಕಾಂಜೂರ್‌ಮಾರ್ಗ್, ನಾಹೂರ್‌ನವರಿಗೆ ತೊಂದರೆ. ಫಾಸ್ಟ್ ಹಳಿ ಮುಚ್ಚಿದರೆ ಫಾಸ್ಟ್‌ಗಳು ಸ್ಲೋ ಹಳಿಗೆ ಬರುತ್ತವೆ. ಎರಡರಲ್ಲೂ ರೈಲು ತಡ, ರಶ್ ಜಾಸ್ತಿ. ಮದುವೆ, ಮುಂಜಿಗೆ ಹೊರಟರೆ ಹಿಂದಿನ ದಿನವೇ ಪ್ರಕಟಣೆ ನೋಡಿ.

ಮಳೆಗಾಲದಲ್ಲಿ ಬರಬಹುದಾ?

ಬರಬಹುದು, ಜೋರು ಮಳೆ ಮತ್ತು ಸಮುದ್ರದ ಭರತ ಒಂದೇ ಹೊತ್ತಿಗೆ ಇರುವ ದಿನ ಬಿಟ್ಟು. ಹಳೇ ಮುಂಬೈ ದ್ವೀಪ ಸಯನ್‌ನಲ್ಲಿ ಮುಗಿಯುತ್ತಿತ್ತು. ಅದರಾಚೆ ಜೌಗು. ಮಾಟುಂಗಾ–ಸಯನ್–ಕುರ್ಲಾ ಹಳಿ ತಗ್ಗಿನಲ್ಲಿದೆ. ಭರತದ ಹೊತ್ತಿನಲ್ಲಿ ಮಳೆ ನೀರು ಸಮುದ್ರಕ್ಕೆ ಹೋಗುವುದಿಲ್ಲ, ಹಳಿ ಮೇಲೆ ನಿಲ್ಲುತ್ತದೆ. ಮೋಟರ್‌ಗಳು ಡಬ್ಬಿ ಅಡಿಯಲ್ಲೇ ಇರುವುದರಿಂದ ಕೆಲವು ಇಂಚು ನೀರು ಏರಿದರೂ ಲೋಕಲ್ ಮುಂದೆ ಹೋಗುವಂತಿಲ್ಲ. ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರಂದು ಈ ಲೈನ್ ಪೂರ್ತಿ ನಿಂತಿತ್ತು. ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಬಳಿ ರಸ್ತೆಯೂ ಕೆರೆಯಾಗುತ್ತದೆ. ಹಾಗೆ ಸಿಕ್ಕಿಕೊಂಡರೆ ಹಳಿ ಮೇಲೆ ನಡೆಯಬೇಡಿ.

ಊರಿನಿಂದ ನೇರ ಬರುವುದು ಹೇಗೆ?

ಬೆಂಗಳೂರು, ರಾಯಚೂರು, ಕಲಬುರಗಿ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ದಾದರ್‌ನಲ್ಲಿ ಇಳಿಯಿರಿ. ಹುಬ್ಬಳ್ಳಿ ಕಡೆಯಿಂದ ಶರಾವತಿ, ಚಾಲುಕ್ಯ ಎಕ್ಸ್‌ಪ್ರೆಸ್‌ಗಳ ಕೊನೆಯ ಸ್ಟೇಷನ್ನೇ ದಾದರ್. ಅವು ದಿನಾ ಇಲ್ಲ, ನೋಡಿಕೊಂಡು ಬುಕ್ ಮಾಡಿ. ದಾದರ್‌ನಿಂದ ಠಾಣೆ ಕಡೆಯ ಸ್ಲೋ ಹಿಡಿದರೆ ಮುಂದಿನದೇ ಮಾಟುಂಗಾ. ಕರಾವಳಿಯವರು ಮತ್ಸ್ಯಗಂಧದಲ್ಲಿ ಬಂದರೆ ಠಾಣೆಯಲ್ಲಿ ಇಳಿದು ಸ್ಲೋ ಹತ್ತಬಹುದು, ಇಲ್ಲವೇ ಎಲ್‌ಟಿಟಿಯಲ್ಲಿ (ಲೋಕಮಾನ್ಯ ತಿಲಕ್ ಟರ್ಮಿನಸ್) ಇಳಿದು ಆಟೋದಲ್ಲಿ ಕುರ್ಲಾಕ್ಕೆ ಬಂದು ಲೋಕಲ್ ಹಿಡಿಯಬಹುದು. ಕುರ್ಲಾ ಆದ ಮೇಲೆ ಸಯನ್, ಆಮೇಲೆ ಮಾಟುಂಗಾ.

ಲಗೇಜ್ ಜಾಸ್ತಿ ಇದ್ದರೆ ಟ್ಯಾಕ್ಸಿ ಮಾಡಿ. ಮಾಟುಂಗಾದಲ್ಲಿ ಆಟೋ ಇಲ್ಲ. ಮುಂಬೈಯಲ್ಲಿ ಆಟೋಗಳ ಗಡಿ ಸಯನ್ ಮತ್ತು ಮಾಹಿಮ್. ಅದರಿಂದ ದಕ್ಷಿಣಕ್ಕೆ ಟ್ಯಾಕ್ಸಿಗಳೇ.

ಟಿಕೆಟ್?

ಸೆಕೆಂಡ್ ಕ್ಲಾಸ್ ಕನಿಷ್ಠ ದರ 5 ರೂಪಾಯಿ. ಕೌಂಟರ್, ಯಂತ್ರ, ಮೊಬೈಲ್ ಆ್ಯಪ್ ಎಲ್ಲದರಲ್ಲೂ ಸಿಗುತ್ತದೆ. ತೆಗೆದುಕೊಂಡ ಒಂದು ಗಂಟೆಯೊಳಗೆ ಪ್ರಯಾಣ ಶುರು ಮಾಡಬೇಕು. ಎಸಿ ಲೋಕಲ್‌ಗೆ ಬೇರೆಯೇ ಟಿಕೆಟ್. ಗೊತ್ತಿಲ್ಲದೆ ಫಸ್ಟ್ ಕ್ಲಾಸ್ ಡಬ್ಬಿ ಹತ್ತಿದರೆ ದಂಡ ಕಟ್ಟಬೇಕು. "ಊರಿಂದ ಬಂದಿದ್ದೇವೆ" ಅಂದರೆ ಯಾರೂ ಬಿಡುವುದಿಲ್ಲ.

ಯಾವ ಕಾಲೇಜುಗಳಿಗೆ ಇದು ಹತ್ತಿರ?

ರೂಯಿಯಾ, ಪೋದಾರ್, ಖಾಲ್ಸಾ. ಎಂಜಿನಿಯರಿಂಗ್ ಕಾಲೇಜು ವಿಜೆಟಿಐ ಕೂಡ. 1887ರಲ್ಲಿ ಶುರುವಾದ ಅದು 1923ರಲ್ಲಿ ಮಾಟುಂಗಾಕ್ಕೆ ಬಂತು. ರಾಸಾಯನಿಕ ತಂತ್ರಜ್ಞಾನದ ಐಸಿಟಿ, ಹಳಬರ ಪಾಲಿಗೆ ಯುಡಿಸಿಟಿ, ಕೂಡ ಇಲ್ಲೇ.

ಚಿನ್ನದ ಗಣಪತಿ ನೋಡಲು ಎಲ್ಲಿ ಇಳಿಯಬೇಕು?

ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಸೇವಾ ಮಂಡಲದ ಗಣಪತಿ ತಾನೇ? ಹಾರ್ಬರ್‌ನಲ್ಲಿ ಬಂದರೆ ಕಿಂಗ್ಸ್ ಸರ್ಕಲ್, ಸೆಂಟ್ರಲ್‌ನಲ್ಲಿ ಬಂದರೆ ಮಾಟುಂಗಾ ಅಥವಾ ಸಯನ್. ಐದೇ ದಿನ ಇರುತ್ತದೆ. ಹನ್ನೊಂದನೇ ದಿನ ಹೋಗಿ ಖಾಲಿ ಮೈದಾನ ನೋಡಬೇಡಿ. ಮೈತುಂಬ ಚಿನ್ನ ಬೆಳ್ಳಿ, ನೂರಾರು ಕೋಟಿಯ ವಿಮೆ, ಸಾಲು ಉದ್ದ. ಕೊಂಕಣಿ, ಕನ್ನಡ, ತುಳು ಕಿವಿಗೆ ಬೀಳುತ್ತಲೇ ಇರುತ್ತವೆ.

ಸ್ಟೇಷನ್ ಹೆಸರು ಬದಲಾಗುತ್ತದಂತೆ?

ಮಾಟುಂಗಾದಲ್ಲ, ಕಿಂಗ್ಸ್ ಸರ್ಕಲ್‌ನದು. ಅದಕ್ಕೆ ತೀರ್ಥಂಕರ ಪಾರ್ಶ್ವನಾಥ ಅಂತ ಹೆಸರಿಡುವ ಪ್ರಸ್ತಾವಕ್ಕೆ 2024ರ ಜುಲೈನಲ್ಲಿ ಮಹಾರಾಷ್ಟ್ರ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಕರಿ ರೋಡ್, ಸ್ಯಾಂಡ್‌ಹರ್ಸ್ಟ್ ರೋಡ್, ಚರ್ನಿ ರೋಡ್ ಕೂಡ ಅದೇ ಪಟ್ಟಿಯಲ್ಲಿದ್ದವು. ಕೊನೆಯ ಮಾತು ಕೇಂದ್ರದ್ದು.

ಈಚೆಗೆ ಸ್ಟೇಷನ್‌ನಲ್ಲಿ ಏನು ಬದಲಾಗಿದೆ?

ಅಮೃತ್ ಭಾರತ್ ಯೋಜನೆಯಲ್ಲಿ ಮಾಟುಂಗಾ ನವೀಕರಣ ಆಯಿತು. 2025ರ ಮೇ 22ರಂದು ಪ್ರಧಾನಿ ದೇಶದ 103 ಸ್ಟೇಷನ್‌ಗಳನ್ನು ಒಟ್ಟಿಗೆ ಉದ್ಘಾಟಿಸಿದರು. ಮುಂಬೈಯಿಂದ ಚಿಂಚ್‌ಪೋಕ್ಲಿ, ಪರೇಲ್, ವಡಾಲಾ ರೋಡ್, ಮಾಟುಂಗಾ. ಕರ್ನಾಟಕದಿಂದ ಬಾಗಲಕೋಟೆ, ಧಾರವಾಡ, ಗದಗ, ಗೋಕಾಕ ರೋಡ್, ಮುನಿರಾಬಾದ್. ಗದಗದಂಥ ಜಂಕ್ಷನ್ ಜೊತೆ ಒಂದೇ ಪಟ್ಟಿಯಲ್ಲಿ ಫಾಸ್ಟ್ ನಿಲ್ಲದ ಮಾಟುಂಗಾ ಬಂದದ್ದು ನೋಡಿ ಇಲ್ಲಿನವರಿಗೆ ಖುಷಿಯಾಯಿತು.

ಮುಂದೆ ಬರಲಿರುವುದು ಕುರ್ಲಾದಿಂದ ಪರೇಲ್‌ವರೆಗಿನ 5 ಮತ್ತು 6ನೇ ಹಳಿ. ದೂರದ ರೈಲುಗಳಿಗೆ ಬೇರೆ ಹಳಿ ಸಿಕ್ಕರೆ ಲೋಕಲ್‌ಗಳ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಇದಕ್ಕಾಗಿಯೇ ಪಕ್ಕದ ಸಯನ್‌ನಲ್ಲಿ 1912ರ ರಸ್ತೆ ಮೇಲ್ಸೇತುವೆಯನ್ನು 2024ರ ಆಗಸ್ಟ್‌ನಲ್ಲಿ ಮುಚ್ಚಿದರು. ಸಯನ್ ಕಡೆಯಿಂದ ಕಾರು, ಟ್ಯಾಕ್ಸಿಯಲ್ಲಿ ಬರುವವರು ಅದು ಮತ್ತೆ ತೆರೆದಿದೆಯಾ ಅಂತ ಕೇಳಿಕೊಳ್ಳಿ, ಇಲ್ಲದಿದ್ದರೆ ಸುತ್ತು ದಾರಿಗೆ ಸ್ವಲ್ಪ ಹೊತ್ತು ಹೆಚ್ಚಿಗೆ ಇಟ್ಟುಕೊಳ್ಳಿ.